ಯೋಧರ ಕೆನ್ನೆಗೆ ದೃಷ್ಟಿಬೊಟ್ಟು

ಮುಳಬಾಗಿಲು
11 ನವೆಂಬರ್ 2024

ಗಗನವೀರ ಆಟಿಕೆ ಕಾರ್ಖಾನೆಯ ವ್ಯವಸ್ಥಾಪಕರಿಗೆ ನಮಸ್ಕಾರ.

ನಿಮ್ಮ ಕಾರ್ಖಾನೆ ಇನ್ನೂ ಇದೆಯೋ, ಬಾಗಿಲು ಹಾಕಿದೆಯೋ ಗೊತ್ತಿಲ್ಲ. ಪ್ಯಾಕಿನ ಹಿಂದೆ ‘ದೂರುಗಳಿದ್ದರೆ ಈ ವಿಳಾಸಕ್ಕೆ ಬರೆಯಿರಿ’ ಎಂದು ಮಾಲೂರಿನ ವಿಳಾಸ ಅಚ್ಚಾಗಿದೆ. ಫೋನ್ ನಂಬರ್ ಇದ್ದ ಜಾಗವನ್ನು ಗೆದ್ದಲು ತಿಂದಿದೆ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇದೇ ನನ್ನ ಮೊದಲ ಕಾಗದ, ತಪ್ಪಿದ್ದರೆ ಮನ್ನಿಸಿ.

ನಾನು ಸಿದ್ರಾ. ಮುಳಬಾಗಿಲಿನ ಬಜಾರ್ ರಸ್ತೆಯಲ್ಲಿ ನಮ್ಮ ತಾತ ಅಬ್ದುಲ್ ರಜಾಕ್ ಅವರ ಫ್ಯಾನ್ಸಿ ಸ್ಟೋರ್ ಇದೆ, ಈಗ ಅದನ್ನು ನಾನು ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಶ್ರೀನಿವಾಸಪುರದಲ್ಲಿ ಮಾವಿನ ಮಾಲು ಇಡುತ್ತಿದ್ದ ಹಳೆಯ ಗೋಡೌನೊಂದನ್ನು ಖಾಲಿ ಮಾಡುತ್ತಿದ್ದಾರೆಂದು ಕೇಳಿ ತಾತ ಕ್ರೇಟುಗಳನ್ನು ತರಲು ಹೋದರು. ತಂದದ್ದು ನಿಮ್ಮ ಗೊಂಬೆಗಳನ್ನು, ಹನ್ನೆರಡು ಪೆಟ್ಟಿಗೆ ತುಂಬ. ಒಂದೊಂದು ಪ್ಯಾಕಿನಲ್ಲಿ ಮೂವರು ಯೋಧರು: ಕತ್ತಿ ಹಿಡಿದವನೊಬ್ಬ, ಗುರಾಣಿಯವನೊಬ್ಬ, ಮೀಸೆ ತಿರುವಿದ ಕೇಡಿಗನೊಬ್ಬ. 1998ರ ಮಾಲಾದರೂ ಒಬ್ಬನ ಕೀಲೂ ಸಡಿಲವಾಗಿಲ್ಲ. ‘ಅರ್ಧ ಬೆಲೆ’ ಎಂದು ರಟ್ಟಿನ ಮೇಲೆ ಬರೆದು ಅಂಗಡಿಯ ಮುಂದೆ ನೇತುಹಾಕಿದೆವು.

ಆಗ ಕೋಲಾರದಿಂದ ಮುರಳಿಮೋಹನ್ ಎಂಬ ಮೇಷ್ಟ್ರು ಬಂದರು. ಅವರಿಗೆ ಹಳೆಯ ಆಟಿಕೆಗಳನ್ನು ಕೂಡಿಡುವ ಹುಚ್ಚು. ಪ್ಯಾಕನ್ನು ಬೆಳಕಿಗೆ ಹಿಡಿದು ನೋಡಿ, “ಇದು ನಕಲಿ ಕಣಮ್ಮಾ. ನನ್ನ ಹತ್ರ ಇರೋ ಗಗನವೀರರ ಕೆನ್ನೆ ಮೇಲೆ ಈ ಕಪ್ಪು ಚುಕ್ಕೆ ಇಲ್ಲ,” ಎಂದರು. ನಾವು ಆಮೇಲೆ ನೋಡಿದರೆ ಎಲ್ಲ ಗೊಂಬೆಗಳ ಕೆನ್ನೆಯಲ್ಲೂ ಎಳ್ಳುಕಾಳಿನಷ್ಟು ಕಪ್ಪು. ಏಳು ಪೆಟ್ಟಿಗೆಯ ಗೊಂಬೆಗಳಿಗೆ ಎಡಗೆನ್ನೆಯಲ್ಲಿ, ಐದು ಪೆಟ್ಟಿಗೆಯವಕ್ಕೆ ಬಲಗೆನ್ನೆಯಲ್ಲಿ. ಮೀಸೆಯವನನ್ನೂ ಬಿಟ್ಟಿಲ್ಲ.

ತಾತ ಅವತ್ತು ಊಟ ಮಾಡಲಿಲ್ಲ. “ನಲವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ, ನಕಲಿ ಮಾಲು ಅಂತ ಒಬ್ರೂ ಬಾಯಿ ಬಿಟ್ಟಿರ್ಲಿಲ್ಲ. ಇದು ಎಲ್ಲಿಂದ ಬಂತು ಅಂತ ತಿಳಿಯೋ ತಂಕ ಒಂದು ಪ್ಯಾಕೂ ಮಾರಬೇಡ,” ಎಂದು ಬೋರ್ಡನ್ನು ತಾವೇ ಬಿಚ್ಚಿಟ್ಟರು. ಅವರ ಮುಖ ನೋಡಲಾಗುತ್ತಿಲ್ಲ. ಈ ಗೊಂಬೆಗಳು ನಿಮ್ಮಲ್ಲೇ ಆದವೇ, ಆ ಚುಕ್ಕೆ ಇಟ್ಟವರು ಯಾರು ಎಂದು ದಯವಿಟ್ಟು ಎರಡು ಸಾಲು ಬರೆಯಿರಿ.

ಇಂತಿ,
ಸಿದ್ರಾ


ಲಕ್ಕೂರು
2 ಡಿಸೆಂಬರ್ 2024

ಚಿರಂಜೀವಿ ಸಿದ್ರಾಗೆ ರಾಮಲಕ್ಷ್ಮಮ್ಮ ಮಾಡುವ ಆಶೀರ್ವಾದ.

ನೀನು ಬರೆದ ಕಾಗದ ನನ್ನ ಕೈಗೆ ಬಂದದ್ದೇ ಒಂದು ಕಥೆ. ಕಾರ್ಖಾನೆ ಮುಚ್ಚಿ ಇಪ್ಪತ್ತಮೂರು ವರ್ಷವಾಯಿತು. ಆ ಶೆಡ್ಡಿನಲ್ಲಿ ಈಗ ಟೊಮೆಟೊ ಬಾಕ್ಸುಗಳಿವೆ. ಟಪಾಲಿನ ಗಂಗುಲಪ್ಪನ ಹೆಂಡತಿ ಹಿಂದೆ ನಮ್ಮ ಜೊತೆ ಪ್ಯಾಕಿಂಗ್ ಮಾಡುತ್ತಿದ್ದವಳು. ಅವನು ಮಾಲೂರಿಗೆ ಬಂದ ಕಾಗದವನ್ನು ವಾಪಸ್ ಕಳಿಸದೆ ನಮ್ಮೂರಿಗೇ ತಂದು, “ಅಕ್ಕಾ, ನಿಮ್ ಕಾರ್ಖಾನೆಗೆ ಇನ್ನೂ ಕಾಗದ ಬರ್ತೈತೆ ನೋಡು,” ಎಂದು ನಗುತ್ತಾ ಕೊಟ್ಟು ಹೋದ. ನಾನೂ ನಗುತ್ತಲೇ ಒಡೆದೆ. ಓದಿದ ಮೇಲೆ ನಗು ಬರಲಿಲ್ಲ.

ನಿನ್ನ ತಾತನಿಗೆ ಹೇಳು, ಮಾಲು ಅಸಲಿ. ನಾವು ಹನ್ನೆರಡು ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತು ಬಣ್ಣ ಹಾಕುತ್ತಿದ್ದೆವು. ಕಣ್ಣು ಬರೆಯುತ್ತಿದ್ದವಳು ಅಮೀನಾ ಬೀ. ಅವಳ ಪಕ್ಕದಲ್ಲಿ ಕೂತು ತುಟಿಗೆ ಕೆಂಪು ಹಚ್ಚುತ್ತಿದ್ದವಳು ನಾನು. ಅಮೀನಾ ಎಡಚಿ. “ಎಡಗೈಲಿ ಕಣ್ಣು ಬರೀತೀಯಲ್ಲಮ್ಮಾ, ಗೊಂಬೆಗೆ ಮಾಲಗಣ್ಣು ಬರುತ್ತೆ,” ಎಂದು ಸೂಪರ್‌ವೈಜರ್ ಅನಿಲ್‌ಕುಮಾರ್ ದಿನಾ ರೇಗಿಸುತ್ತಿದ್ದ. ಆದರೆ ಅವಳು ಬರೆದ ಹಾಗೆ ಇನ್ನೊಬ್ಬರಿಗೆ ಬರೆಯಲು ಬರುತ್ತಿರಲಿಲ್ಲ.

ಬೊಂಬಾಯಿಗೆ ಹೋದ ಆ ಒಂದು ಲೋಡು ಪೂರ್ತಿ ವಾಪಸ್ ಬಂತು. ಮುಖದ ಮೇಲೆ ಕಪ್ಪು ಕಲೆ ಇದೆ ಎಂದು ಬರೆದಿದ್ದರು. ಕಪ್ಪು ಬಣ್ಣ ಇದ್ದದ್ದು ಅಮೀನಾಳ ಮುಂದೆ ಮಾತ್ರ. ಕೇಳಿದಾಗ ಅವಳೇ ನಂದು ಎಂದು ಒಪ್ಪಿಕೊಂಡಳು. ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ವಾಪಸ್ ಬಂದ ಮಾಲನ್ನು ಕಾರ್ಖಾನೆಯ ಸಾಹುಕಾರರು ತಮ್ಮ ಭಾವಮೈದುನನ ಶ್ರೀನಿವಾಸಪುರದ ಗೋಡೌನಿಗೆ ಸಾಗಿಸಿದರು. ನೀವು ತಂದಿರುವುದು ಅದೇ.

ಅದು ಕಲೆಯಲ್ಲ ಮಗು, ದೃಷ್ಟಿಬೊಟ್ಟು. ಎಳೆ ಮಕ್ಕಳಿಗೆ ಇಡುವುದಿಲ್ಲವೇ, ಅದೇ. ಅಷ್ಟು ದೊಡ್ಡ ಕತ್ತಿ ಹಿಡಿದ ಗಂಡಸಿಗೆ ಯಾರ ಕಣ್ಣು ತಾಗುತ್ತದೆಂದು ಕೇಳಬೇಡ. ಬಲಗೆನ್ನೆ ಎಂದು ಬರೆದಿದ್ದೀಯ, ನಿನಗೆ ಎಡ ಬಲ ತಪ್ಪಿರಬೇಕು. ಎಲ್ಲವೂ ಎಡಗೆನ್ನೆಗೇ ಇಟ್ಟದ್ದು.

ಅಮೀನಾ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ನಿಮ್ಮ ಕಡೆಯವಳೇ, ತವರು ರಾಯಲ್ಪಾಡು.

ಇಂತಿ,
ರಾಮಲಕ್ಷ್ಮಮ್ಮ


ಮುಳಬಾಗಿಲು
20 ಡಿಸೆಂಬರ್ 2024

ರಾಮಲಕ್ಷ್ಮಮ್ಮನವರಿಗೆ ಸಿದ್ರಾಳ ನಮಸ್ಕಾರಗಳು.

ಅಮ್ಮಾ, ನಿಮ್ಮ ಕಾಗದವನ್ನು ತಾತ ನಾಲ್ಕು ಸಲ ಓದಿಸಿದರು. ಆಮೇಲೆ ಕೋಲಾರದ ಮೇಷ್ಟ್ರಿಗೆ ಫೋನ್ ಮಾಡಿಸಿ, ಕಾಗದ ಪೂರ್ತಿ ಓದಿ ಹೇಳು ಎಂದು ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಮೇಷ್ಟ್ರು ಭಾನುವಾರ ಬಂದು ಕೈಮುಗಿದು ಆರು ಪ್ಯಾಕ್ ತೆಗೆದುಕೊಂಡು ಹೋದರು. ತಾತ ಅವರಿಗೆ ಟೀ ಕುಡಿಸಿದರು, ಬನ್ನು ತಿನ್ನಿಸಿದರು, ಆದರೆ ಅರ್ಧ ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ.

ನಾನೊಂದು ಕೆಲಸ ಮಾಡಿದ್ದೇನೆ, ನಿಮಗೆ ಸಂತೋಷವಾಗುತ್ತದೆ. ಪ್ರತಿ ಪ್ಯಾಕಿನ ಮೇಲೂ ಒಂದು ಚೀಟಿ ಅಂಟಿಸಿದ್ದೇನೆ: ‘ಮಾಲೂರಿನ ಅಸಲಿ ಮಾಲು. ಕಣ್ಣು ಮತ್ತು ದೃಷ್ಟಿಬೊಟ್ಟು ಅಮೀನಾ ಬೀ ಅವರ ಕೈಬಣ್ಣ.’ ಈಗ ಬೊಟ್ಟಿನ ಗೊಂಬೆ ಎಂದೇ ಜನ ಕೇಳಿಕೊಂಡು ಬರುತ್ತಾರೆ. ಮೊನ್ನೆ ಒಬ್ಬ ಅಜ್ಜಿ, ಮೊಮ್ಮಗ ಬೊಟ್ಟು ಇಡಿಸಿಕೊಳ್ಳೋಕೆ ಅಳ್ತಾನೆ, ಇದನ್ನು ತೋರಿಸ್ತೀನಿ ಎಂದು ಕೊಂಡುಹೋದಳು. ಯಾವ ಬೊಟ್ಟಿಗಾಗಿ ಅವರನ್ನು ಕೆಲಸದಿಂದ ತೆಗೆದರೋ ಅದೇ ಬೊಟ್ಟಿನಿಂದ ಗೊಂಬೆ ಮಾರಾಟವಾಗುತ್ತಿದೆ ನೋಡಿ!

ಅಂದ ಹಾಗೆ ನನಗೆ ಎಡ ಬಲ ತಪ್ಪಿಲ್ಲಮ್ಮಾ. ಇನ್ನೊಂದು ಸಲ ತೆಗೆದು ನೋಡಿದೆ. ಐದು ಪೆಟ್ಟಿಗೆಯಲ್ಲಿ ಬಲಗೆನ್ನೆಯೇ.

ನಿಮ್ಮ ಮಗಳಂಥ,
ಸಿದ್ರಾ


ರಾಯಲ್ಪಾಡು
27 ಜನವರಿ 2025

ಬೇಟಿ ಸಿದ್ರಾಗೆ ಅಮೀನಾ ಬೀ ಸಲಾಂ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನಿಧಾನಕ್ಕೆ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ನಮ್ಮ ಸೊಸೆ ಮುಳಬಾಗಿಲಿನ ಆಸ್ಪತ್ರೆಗೆ ತೋರಿಸಲು ಹೋದವಳು ವಾಪಸ್ ಬರುವಾಗ ಮಗನಿಗೆಂದು ಗೊಂಬೆ ತಂದಳು. ಕವರಿನ ಮೇಲೆ ನನ್ನ ಹೆಸರು! ಅಂಗಡಿಯ ವಿಳಾಸ ಬಿಲ್ಲಿನಲ್ಲಿತ್ತು, ನಿನ್ನ ಹೆಸರು, ನಿನ್ನ ತಾತನ ವಿಷಯ ಸೊಸೆ ಹೇಳಿದಳು. ಮನೆಯವರೆಲ್ಲ ನನ್ನ ಮುಖ ನೋಡಿದರು. “ಕ್ಯಾ ಅಮ್ಮೀ, ನಿಮ್ಮ ಹೆಸರು ಗೊಂಬೆ ಮೇಲೆ ಬಂದೈತೆ, ನಮಗೆ ಹೇಳೇ ಇಲ್ವಲ್ಲ?” ಎಂದು ಸೊಸೆ ಕೇಳಿದಳು. ನಾನು ಮಾಲೂರಿನ ಮಾತನ್ನು ಈ ಮನೆಯಲ್ಲಿ ಎತ್ತಿದವಳೇ ಅಲ್ಲ. ಇಲ್ಲಿಗೆ ಬಂದ ಮೇಲೆ ರವಿಕೆ ಹೊಲಿದೆ, ಮಾವಿನ ಮಂಡಿಯಲ್ಲಿ ಹಣ್ಣು ಆರಿಸಿದೆ, ಮಕ್ಕಳನ್ನು ಒಂದು ದಾರಿಗೆ ಹಚ್ಚಿದೆ.

ನಿನ್ನ ತಾತ ದೊಡ್ಡವರು, ನನ್ನ ಹೆಸರಿಗೆ ಮರ್ಯಾದೆ ಕೊಟ್ಟರು. ಆದರೆ ಬೇಟಿ, ಆ ಚೀಟಿ ಕಿತ್ತುಹಾಕು. ಕಣ್ಣು ನನ್ನದೇ, ಗುರುತು ಸಿಕ್ಕಿತು. ಈ ಪ್ಯಾಕಿನ ಗೊಂಬೆಗಳ ಕೆನ್ನೆಯ ಬೊಟ್ಟು ಮಾತ್ರ ನನ್ನ ಕೈಯದಲ್ಲ. ಇನ್ನೊಬ್ಬರು ಇಟ್ಟ ಬೊಟ್ಟಿಗೆ ನನ್ನ ಹೆಸರು ಬೇಡ. ಇಟ್ಟವರು ಯಾರು ಎಂದು ನಾನು ಹೇಳುವುದಿಲ್ಲ. ಹೇಳಬೇಕಾದವರು ಹೇಳಲಿ.

ದುವಾ ಇರಲಿ.
ಅಮೀನಾ ಬೀ


ಮುಳಬಾಗಿಲು
5 ಫೆಬ್ರವರಿ 2025

ರಾಮಲಕ್ಷ್ಮಮ್ಮನವರಿಗೆ ನಮಸ್ಕಾರ.

ಅಮ್ಮಾ, ಅಮೀನಾ ಬೀ ಸಿಕ್ಕಿದರು. ನಾವು ಹುಡುಕಲಿಲ್ಲ, ಅವರ ಹೆಸರೇ ಹೋಗಿ ಅವರನ್ನು ಹುಡುಕಿತು. ಅವರ ಕಾಗದದ ನಕಲು ಇದರ ಜೊತೆಗಿದೆ, ವಿಳಾಸವೂ ಇದೆ.

ಓದಿ ನೋಡಿ. ತಾತ ಮತ್ತೆ ಬೋರ್ಡು ಬಿಚ್ಚಿಟ್ಟಿದ್ದಾರೆ. ಸುಳ್ಳು ಚೀಟಿ ಅಂಟಿಸಿ ಮಾರಿದೆವಲ್ಲ ಎಂದು ಅವರಿಗೆ ಸಂಕಟ. ನಾನು ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ, ಅವರೇ ಒಪ್ಪಿಕೊಂಡರೆಂದು ನೀವು ಬರೆದಿದ್ದಿರಿ. ಹಾಗಾದರೆ ಅವತ್ತು ಅವರು ಏಕೆ ಒಪ್ಪಿಕೊಂಡರು? ನೀವು ಪಕ್ಕದಲ್ಲೇ ಕೂತಿದ್ದವರು, ನಿಮಗೆ ಗೊತ್ತಿರಬೇಕು.

ಸಿದ್ರಾ


ಮುಳಬಾಗಿಲು
12 ಮಾರ್ಚ್ 2025

ಅಮ್ಮಾ,

ಕಾರ್ಡು ಬರೆಯುತ್ತಿದ್ದೇನೆ. ನಿಮ್ಮಿಂದ ಉತ್ತರವಿಲ್ಲ. ಕೇಳಬಾರದ್ದನ್ನು ಕೇಳಿದೆನೋ ಏನೋ. ನಿಮಗೆ ಹುಷಾರಾಗಿದ್ದರೆ ಸಾಕು, ಚೀಟಿ ವಿಷಯ ಬಿಡಿ. ತಾತ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿಸಿದ್ದಾರೆ.

ಸಿದ್ರಾ


ಲಕ್ಕೂರು
2 ಏಪ್ರಿಲ್ 2025

ಅಮೀನಕ್ಕನಿಗೆ,

ನಮಸ್ಕಾರ ಎಂದು ಬರೆಯಲೋ ಬೇಡವೋ ಎಂದು ಎರಡು ತಿಂಗಳು ಕಳೆದೆ. ನಿನ್ನ ಕಾಗದದ ನಕಲನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟುಕೊಂಡಿದ್ದೆ. ಮಗ ವೆಂಕಟ್, “ಯಾಕಮ್ಮಾ, ಒಂದ್ ಥರಾ ಇದೀಯ?” ಎಂದು ಕೇಳಿದರೆ ಮಂಡಿನೋವು ಎನ್ನುತ್ತಿದ್ದೆ. ಈ ಸಲ ಯುಗಾದಿಯ ಮಾರನೇ ದಿನವೇ ನಿಮ್ಮ ಹಬ್ಬ ಬಂತು. ಒಬ್ಬಟ್ಟು ತಟ್ಟುವಾಗ ನಿನ್ನ ನೆನಪಾಯಿತು. ಹೂರಣ ನಿನಗೆ, ಕಣಕದ ಅಂಚು ನನಗೆ ಎಂದು ಡಬ್ಬಿಯಲ್ಲಿ ಹಂಚಿಕೊಳ್ಳುತ್ತಿದ್ದೆವಲ್ಲ. ಕೈ ಅಲ್ಲಿಗೇ ನಿಂತಿತು. ಬೊಟ್ಟು ಇಟ್ಟವಳು ನಾನು ಎಂದು ಇನ್ನಾದರೂ ಬರೆಯಲೇಬೇಕು ಎನಿಸಿತು.

ನಿನಗೆ ಗೊತ್ತೇ ಇತ್ತು. ಆದರೂ ಇದು ನನ್ನ ಕೈಯಿಂದ ಬರಬೇಕಿತ್ತು.

ನನ್ನ ಮಗು ಅಮರನಾಥ ಹೋದದ್ದು ನಿನಗೆ ಗೊತ್ತು. ಹೇಗೆ ಎಂದು ಯಾರಿಗೂ ಹೇಳಿಲ್ಲ. ಅವನಿಗೆ ಎಂಟು ತಿಂಗಳು. ಕೋಲಾರದಲ್ಲಿ ಮದುವೆ. ಬೆಳಿಗ್ಗೆ ಬಸ್ಸಿಗೆ ಹೊತ್ತಾಯಿತು, ಕಾಡಿಗೆ ಡಬ್ಬಿ ಕೈಗೆ ಸಿಗಲಿಲ್ಲ, ಬೊಟ್ಟು ಇಡದೆಯೇ ಎತ್ತಿಕೊಂಡು ಓಡಿದೆ. ಛತ್ರದಲ್ಲಿ ಅವನನ್ನು ಕೆಳಗೆ ಇಳಿಸಿದವರಿಲ್ಲ. ಮೂರನೇ ದಿನಕ್ಕೆ ಜ್ವರ, ಆರನೇ ದಿನಕ್ಕೆ ಮಗು ಇಲ್ಲ. ಡಾಕ್ಟರು ಮೆದುಳು ಜ್ವರ ಎಂದರು. ಗೌನಿಪಲ್ಲಿಯಿಂದ ಬಂದ ನಮ್ಮಮ್ಮ “ದಿಷ್ಟಿ ತಗಿಲಿಂದಿ ತಲ್ಲೀ” ಎಂದು, ದೃಷ್ಟಿ ತಾಗಿಯೇ ಹೋಯಿತೆಂದು ಅಳುತ್ತಾ ಎದೆ ಬಡಿದುಕೊಂಡಳು. ಅವಳಿಗೆ ನನ್ನನ್ನು ಚುಚ್ಚುವ ಉದ್ದೇಶವಿರಲಿಲ್ಲ. ನನಗೆ ಮಾತ್ರ ಅದು ಚುಚ್ಚಿಕೊಂಡೇ ಉಳಿಯಿತು.

ತಿಂಗಳಾದ ಮೇಲೆ ಕೆಲಸಕ್ಕೆ ಬಂದೆ. ನೀನು ಕಣ್ಣು ಬರೆದು ನನ್ನ ಕಡೆ ಸರಿಸುತ್ತಿದ್ದೆ. ಕಣ್ಣು ಬಂದ ಕೂಡಲೇ ಗೊಂಬೆ ನನ್ನನ್ನೇ ನೋಡುತ್ತಿತ್ತು. ಒಂದಕ್ಕೆ ತುಟಿ ಹಚ್ಚಿದೆ, ಆಮೇಲೆ ನಿನ್ನ ಕಪ್ಪು ಬಣ್ಣದ ಬಟ್ಟಲಿಗೆ ಕಡ್ಡಿ ಅದ್ದಿ ಕೆನ್ನೆಗೆ ಇಟ್ಟೆ. ಎದೆ ಸ್ವಲ್ಪ ಹಗುರಾಯಿತು. ಇನ್ನೊಂದಕ್ಕೆ ಇಟ್ಟೆ. ನಿಲ್ಲಿಸಲಾಗಲಿಲ್ಲ. ಬೊಟ್ಟಿಗೂ ಜ್ವರಕ್ಕೂ ಸಂಬಂಧವಿಲ್ಲ ಎಂದು ನನಗೂ ಗೊತ್ತಿತ್ತು ಅಮೀನಕ್ಕ. ಆದರೂ ಇಟ್ಟೆ.

ಲೋಡು ವಾಪಸ್ ಬಂದ ದಿನ ಅನಿಲ್‌ಕುಮಾರ್ ಗೊಂಬೆ ಹಿಡಿದುಕೊಂಡು, “ಏನಮ್ಮಾ ಇದು, ಮುಖದ್ ಮೇಲೆ ನೊಣ ಕೂತಂಗೈತೆ! ಯಾರದೀ ಕೆಲಸ?” ಎಂದು ಕೂಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು ಬೆರಳಲ್ಲಿ ಕಪ್ಪು ಇದೆಯೇ ಎಂದು ಸೆರಗಿನೊಳಗೆ ಒರೆಸಿಕೊಂಡೆ. ನೀನು ಎದ್ದು ನಿಂತು, “ನಂದೇ ಸಾರ್,” ಎಂದೆ. ನಾನು ಮುಂದಿನ ಗೊಂಬೆಯ ತುಟಿಗೆ ಕೆಂಪು ಹಚ್ಚಲು ಕೂತೆ. ನೀನು ಊಟದ ಡಬ್ಬಿ ಎತ್ತಿಕೊಂಡು ಹೋಗುವಾಗ ಬಾಗಿಲಲ್ಲಿ ಒಂದು ಸಲ ತಿರುಗಿದೆ. ನಾನು ತಲೆ ಎತ್ತಲಿಲ್ಲ. ಅದಾದ ಮೇಲೆ ಮೂರು ವರ್ಷ ಅದೇ ಬೆಂಚಿನಲ್ಲಿ ಕೂತು ಸಂಬಳ ತಿಂದೆ. ರಾಯಲ್ಪಾಡೇನು ದೂರವೇ? ನಮ್ಮ ಗೌನಿಪಲ್ಲಿಗೆ ಎಷ್ಟು ಸಲ ಹೋಗಿದ್ದೇನೆ. ಅಲ್ಲಿಂದ ಮುಂದಕ್ಕೆ ಬಸ್ಸು ಹತ್ತಲು ಮುಖವಿರಲಿಲ್ಲ.

ಸಿದ್ರಾ ಕೇಳಿದಾಗಲಾದರೂ ನಿಜ ಬರೆಯಬಹುದಿತ್ತು. ಹಳೆಯ ಸುಳ್ಳೇ ಕೈಗೆ ಸಲೀಸಾಗಿ ಬಂತು. ಮತ್ತೆ ನಿನ್ನ ಹೆಸರೇ ಹೇಳಿದೆ.

ಅಲ್ಲಿಂದೀಚೆಗೆ ನಾನು ಯಾವ ಮಗುವಿಗೂ ಬೊಟ್ಟು ಇಟ್ಟಿಲ್ಲ. ವೆಂಕಟನ ಇಬ್ಬರು ಮಕ್ಕಳಿಗೂ ಸೊಸೆ ದಿವ್ಯಳೇ ಇಟ್ಟಳು. “ಅತ್ತೆ, ನೀವೇ ಇಡಿ,” ಎಂದರೆ, “ನನ್ನ ಕೈ ಬೇಡ ಕಣೇ,” ಎನ್ನುತ್ತಿದ್ದೆ.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಬೈದಾದರೂ ಒಂದು ಕಾಗದ ಬರೆ. ಸಿದ್ರಾಗೂ ನಿಜ ಬರೆದಿದ್ದೇನೆ. ಅವಳು ಬರೆದ ಕಾಗದಗಳನ್ನೂ ಇದರ ಜೊತೆ ಇಟ್ಟಿದ್ದೇನೆ, ಓದು.

ನಿನ್ನ,
ಲಕ್ಷ್ಮೀ


ರಾಯಲ್ಪಾಡು
19 ಏಪ್ರಿಲ್ 2025

ಲಕ್ಷ್ಮೀಗೆ ಅಮೀನಾ ಬರೆಯುವುದು.

ಬೈದಾದರೂ ಬರೆ ಎಂದಿದ್ದೀಯ. ಮೊದಲು ಬೈಯುತ್ತೇನೆ.

ಕೆಲಸ ಹೋದದ್ದಕ್ಕೆ ನನಗೆ ನಿನ್ನ ಮೇಲೆ ಕೋಪ ಬರಲಿಲ್ಲ. ನೀನು ಬರಲಿಲ್ಲವಲ್ಲ, ಅದಕ್ಕೆ ಬಂತು. ಮೊದಲ ವರ್ಷ ಗೌನಿಪಲ್ಲಿ ಕಡೆಯಿಂದ ಬಸ್ಸು ಬಂದಾಗಲೆಲ್ಲ ಇಳಿಯುವವರನ್ನು ನೋಡುತ್ತಿದ್ದೆ. ಹಬ್ಬಕ್ಕಾದರೂ ಬರುತ್ತಾಳೆ ಅಂದುಕೊಂಡೆ. ಆಮೇಲೆ ನೋಡುವುದನ್ನು ಬಿಟ್ಟೆ. ಇಪ್ಪತ್ತಾರು ವರ್ಷ ಲಕ್ಷ್ಮೀ! ಒಂದು ಕಾರ್ಡು ಹಾಕಲಿಲ್ಲ ನೀನು. ಬೈದದ್ದು ಮುಗಿಯಿತು.

ಈಗ ಇನ್ನೊಂದು ಮಾತು. ಅವತ್ತು ನಾನು ನಿನಗೋಸ್ಕರ ಸುಳ್ಳು ಹೇಳಿದೆ ಎಂದು ನೀನು ಇಷ್ಟು ವರ್ಷ ನಂಬಿಕೊಂಡು ಕೂತಿದ್ದೀಯ. ನಾನು ಸುಳ್ಳು ಹೇಳಲಿಲ್ಲ.

ಆ ಲೋಡಿನ ಮಧ್ಯದಲ್ಲಿ ನಿಮ್ಮಮ್ಮನಿಗೆ ಹುಷಾರಿಲ್ಲವೆಂದು ನೀನು ಆರು ದಿನ ಗೌನಿಪಲ್ಲಿಗೆ ಹೋಗಿದ್ದೆ, ನೆನಪಿದೆಯಾ? ನಿನ್ನ ಜಾಗಕ್ಕೆ ಬೇರೆಯವಳು ತುಟಿ ಹಚ್ಚಲು ಬಂದಳು. ನೀನು ಬೊಟ್ಟು ಇಡುವುದನ್ನು ನಾನು ಮೊದಲ ದಿನದಿಂದ ನೋಡಿದ್ದೆ. ನನ್ನ ಬಟ್ಟಲಿನ ಕಪ್ಪು ಸಾಯಂಕಾಲಕ್ಕೆ ಮುಂಚೆ ಮುಗಿಯುತ್ತಿತ್ತು, ನನಗೆ ಗೊತ್ತಾಗುವುದಿಲ್ಲವಾ? ಯಾಕೆ ಎಂದು ಕೇಳಲಿಲ್ಲ. ಮಗು ಹೋಗಿದೆ, ಇಡಲಿ ಎಂದು ಬಟ್ಟಲನ್ನೇ ನಿನ್ನ ಕಡೆಗೆ ಸರಿಸಿ ಇಡುತ್ತಿದ್ದೆ.

ನೀನು ಇಲ್ಲದ ದಿನ ಕಣ್ಣು ಬರೆದು ಮುಂದಕ್ಕೆ ಕಳಿಸಲು ಹೋದೆ. ಮನಸ್ಸು ಬರಲಿಲ್ಲ. ಅರ್ಧ ಮಕ್ಕಳಿಗೆ ಇಟ್ಟು ಇನ್ನರ್ಧ ಮಕ್ಕಳನ್ನು ಹಾಗೇ ಕಳಿಸಲು ಆಗುತ್ತದಾ ಲಕ್ಷ್ಮೀ? ಆರು ದಿನವೂ ನಾನೇ ಇಟ್ಟೆ. ನನ್ನದು ಎಡಗೈ, ಬೊಟ್ಟು ಬಲಗೆನ್ನೆಗೆ ಬಿತ್ತು. ಸಿದ್ರಾ ಐದು ಪೆಟ್ಟಿಗೆ ಎಂದು ಎಣಿಸಿದ್ದಾಳಂತೆ, ಅವು ನನ್ನವು. ಸೊಸೆ ತಂದ ಪ್ಯಾಕಿನಲ್ಲಿ ಇದ್ದದ್ದು ಎಡಗೆನ್ನೆಯವು. ನೀನು ಅಮರನಾಥನ ಹೆಸರಿನಲ್ಲಿ ಇಟ್ಟ ಬೊಟ್ಟಿಗೆ ನನ್ನ ಹೆಸರು ಅಂಟಿಸಿದ್ದರು, ಅದಕ್ಕೇ ಕಿತ್ತುಹಾಕು ಎಂದೆ. ನಿನ್ನನ್ನು ಸಿಕ್ಕಿಸಲು ಹೇಳಲಿಲ್ಲ.

ಅವತ್ತು ನಂದೇ ಸಾರ್ ಎಂದಾಗ ನಿನ್ನದೂ ಇದೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಇಬ್ಬರನ್ನೂ ತೆಗೆಯುತ್ತಿದ್ದರು, ಅದರಿಂದ ಯಾರಿಗೆ ಏನು ಬಂತು? ನೀನು ಆಗ ಇನ್ನೂ ನೆಟ್ಟಗೆ ಊಟ ಮಾಡುತ್ತಿರಲಿಲ್ಲ. ಬಾಗಿಲಲ್ಲಿ ತಿರುಗಿದ್ದು ನಿನ್ನನ್ನು ದೂರುವುದಕ್ಕಲ್ಲ. ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ ನಿನಗೆಂದು ಬೆಂಚಿನ ಕೆಳಗೆ ಇಟ್ಟಿದ್ದೆ, ನೋಡಿದೆಯಾ ಎಂದು ತಿರುಗಿದೆ. ತಿಂದೆಯೋ ಇಲ್ಲವೋ ಈವತ್ತಿಗೂ ನನಗೆ ಗೊತ್ತಿಲ್ಲ.

ಸಿದ್ರಾಗೆ ಹೇಳಿ ಹೊಸ ಚೀಟಿ ಬರೆಸು. ಎಡಗೆನ್ನೆ ರಾಮಲಕ್ಷ್ಮಮ್ಮ, ಬಲಗೆನ್ನೆ ಅಮೀನಾ ಬೀ. ಅವಳ ತಾತ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಲಿ.

ಇನ್ನು ನೀನು ಕಾಗದ ಬರೆಯಬೇಡ. ಬಾ. ಮಲ್ಗೋವ ಹಣ್ಣಾಗಲು ಇನ್ನೂ ತಿಂಗಳು ಬೇಕು, ಅದಕ್ಕೆಂದು ಕಾಯಬೇಡ. ನಮ್ಮ ಸೊಸೆ ಹೆತ್ತು ಹದಿನೆಂಟು ದಿನವಾಯಿತು, ಹೆಣ್ಣುಮಗು. ಅವತ್ತು ಅವಳು ಮುಳಬಾಗಿಲಿಗೆ ತೋರಿಸಲು ಹೋಗಿದ್ದು ಇದೇ ಬಸುರಿಗೆ. ನನಗೀಗ ಕೈ ನಡುಗುತ್ತದೆ. ನಿನ್ನೆ ಬೊಟ್ಟು ಇಡಲು ಹೋಗಿ ಮಗುವಿನ ಮೂಗಿಗೆಲ್ಲ ಬಳಿದೆ, ಮನೆಯವರೆಲ್ಲ ನಕ್ಕರು. ಹರಳೆಣ್ಣೆ ದೀಪದ ಕಾಡಿಗೆ ನೀನು ಚೆನ್ನಾಗಿ ಕಟ್ಟುತ್ತಿದ್ದೆ. ಒಂದು ಡಬ್ಬಿ ಕಟ್ಟಿ ತಾ. ನಿನ್ನ ಕೈ ಬೇಡ ಎಂದು ನನ್ನ ಮುಂದೆ ಹೇಳಬೇಡ, ಕೇಳಿಸಿಕೊಳ್ಳುವುದಿಲ್ಲ.

ಮಗುವಿನ ಎಡಗೆನ್ನೆಗೆ ಯಾರೂ ಇಡಬಾರದೆಂದು ಮನೆಯಲ್ಲಿ ಹೇಳಿದ್ದೇನೆ.

ಅಮೀನಾ